ಸಹಿಯ ಕೀಲಿಕೈ ನಿಮ್ಮ ಕೈಯಲ್ಲಿಯೇ ಇರಲಿ

ಕಾಗದವನ್ನು ಓದಿಸಿ ಕೇಳದೆ ಸಹಿ ಹಾಕಕೂಡದೆಂದು ನಮ್ಮ ಹಿರಿಯರು ಮಕ್ಕಳಿಗೆ ಹೇಳುತ್ತಲೇ ಬಂದಿದ್ದಾರೆ. ಸಾಲದ ಪತ್ರಕ್ಕೆ ಅರಿಯದೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಕಥೆ ಗಡಿಯಾಚೆಯ ಯಾವ ಕನ್ನಡ ಹಳ್ಳಿಗೂ ಹೊಸದಲ್ಲ. ಈಗ ಕಾಲ ಬದಲಾಗಿದೆ. ಕಾಗದವೂ ಇಲ್ಲ, ಮಸಿಯೂ ಇಲ್ಲ. ಗಣಕಯಂತ್ರದ ಮುಂದೆ ಕುಳಿತವನು ಒಂದು ಗುಂಡಿ ಒತ್ತಿದನೆಂದರೆ ನಿಮ್ಮ ಸಹಿ ಬಿದ್ದಂತೆಯೇ. ಆ ಸಹಿಯನ್ನು ಡಿಜಿಟಲ್ ಸಹಿ ಎನ್ನುತ್ತಾರೆ. ಅದು ನಿಮ್ಮದೇ ಎಂದು ಸಾಕ್ಷಿ ಹೇಳುವ ಪತ್ರಕ್ಕೆ ಡಿಜಿಟಲ್ ಸಹಿ ಪ್ರಮಾಣಪತ್ರವೆಂದು ಹೆಸರು. ಕೈಬರಹದ ಸಹಿಗೆ ಇರುವ ಬೆಲೆಯನ್ನೇ ಈ ಸಹಿಗೂ 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆ ಕೊಟ್ಟಿದೆ. ಆ ಕಾಯಿದೆ 2000ದ ಅಕ್ಟೋಬರ 17ರಿಂದ ಜಾರಿಯಲ್ಲಿದೆ.

ಇದು ಪಟ್ಟಣದ ವ್ಯಾಪಾರಿಗಳ ಮಾತು, ನೇಗಿಲು ಹಿಡಿದ ನಮಗೇಕೆ ಎಂದು ಕೆಲವರು ಕೇಳಬಹುದು. ಜತ್ತದ ದ್ರಾಕ್ಷಿ ಬೆಳೆಗಾರನಾಗಲಿ, ಅಕ್ಕಲಕೋಟೆಯ ತೊಗರಿ ಬೆಳೆಗಾರನಾಗಲಿ, ಕಾಸರಗೋಡಿನ ಅಡಕೆ ತೋಟದವನಾಗಲಿ, ತಾಳವಾಡಿಯ ಅರಿಸಿನ ಬೆಳೆಯುವವನಾಗಲಿ, ನಾಲ್ಕು ಜನ ಕೂಡಿ ಮಾಲು ಮಾರುತ್ತೇವೆಂದು ಉತ್ಪಾದಕರ ಕಂಪನಿ ಕಟ್ಟಿದ ದಿನವೇ ಈ ಸಹಿ ಬಾಗಿಲಿಗೆ ಬಂದು ನಿಲ್ಲುತ್ತದೆ. ಬಂದ ಮೇಲೆ ಗಾಬರಿಯಾಗುವುದಕ್ಕಿಂತ ಮೊದಲೇ ತಿಳಿದಿರುವುದು ಲೇಸು. ಅದಕ್ಕಾಗಿ ಈ ವಾರ ಇದೇ ವಿಷಯವನ್ನು ಎತ್ತಿಕೊಂಡಿದ್ದೇವೆ.

ಯಾರಿಗೆ ಬೇಕು, ಯಾರಿಗೆ ಬೇಡ

ಮೊದಲು ಬೇಡದವರ ಮಾತು. ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿ ಪಡೆಯಲು ಡಿಜಿಟಲ್ ಸಹಿ ಪ್ರಮಾಣಪತ್ರ ಬೇಕಿಲ್ಲ. ಅಲ್ಲಿ ಆಧಾರದ ಮೂಲಕ ಗುರುತು ಖಚಿತಪಡಿಸಿದರೆ ಸಾಕು. ಮೊಬೈಲಿಗೆ ಬರುವ ಸಂಖ್ಯೆಯಿಂದಾಗಲಿ, ಬೆರಳಚ್ಚಿನಿಂದಾಗಲಿ, ಮುಖ ತೋರಿಸಿಯಾಗಲಿ ಅದನ್ನು ಮಾಡಿಕೊಳ್ಳಬಹುದು. ಹೊಲದ ಉತಾರೆ ತೆಗೆಯಲೂ, ಬೆಳೆ ವಿಮೆ ತುಂಬಲೂ ಈ ಪ್ರಮಾಣಪತ್ರ ಬೇಡ. ಇಂಥ ಕೆಲಸಕ್ಕೆ ಯಾರಾದರೂ "ಡಿಜಿಟಲ್ ಸಹಿ ಮಾಡಿಸಿಕೊಡುತ್ತೇವೆ, ಇಷ್ಟು ಕೊಡಿ" ಎಂದು ಹಣ ಕೇಳಿದರೆ, ಅಂಥವರಿಂದ ದೂರ ಇರತಕ್ಕದ್ದು.

ಇನ್ನು ಬೇಕಾದವರು. ಉತ್ಪಾದಕರ ಕಂಪನಿಯನ್ನು ನೋಂದಾಯಿಸಲು ಕನಿಷ್ಠ 10 ಜನ ಉತ್ಪಾದಕರು ಸೇರಬೇಕು, ಅದಕ್ಕೆ ಕನಿಷ್ಠ 5 ಜನ ನಿರ್ದೇಶಕರು ಇರಬೇಕು. ನೋಂದಣಿಯ ಅರ್ಜಿಯಿಂದ ಹಿಡಿದು ವರ್ಷ ವರ್ಷದ ಲೆಕ್ಕಪತ್ರದವರೆಗೆ ಕೇಂದ್ರದ ಕಂಪನಿ ವ್ಯವಹಾರಗಳ ಇಲಾಖೆಗೆ ಹೋಗುವ ಕಾಗದವೆಲ್ಲ ಡಿಜಿಟಲ್ ಸಹಿಯಿಂದಲೇ ಹೋಗುತ್ತದೆ. ದೇಶದಲ್ಲಿ 10,000 ರೈತ ಉತ್ಪಾದಕ ಸಂಘಟನೆಗಳನ್ನು ಕಟ್ಟುವ ಯೋಜನೆಯನ್ನು ಕೇಂದ್ರ ಸರಕಾರ 2020ರಲ್ಲಿ ಆರಂಭಿಸಿದ ಮೇಲೆ, ಎಂದೂ ಗಣಕಯಂತ್ರ ಮುಟ್ಟದ ಎಷ್ಟೋ ಒಕ್ಕಲುಮಕ್ಕಳು ಕಂಪನಿಯ ನಿರ್ದೇಶಕರಾಗಿದ್ದಾರೆ. ಇವರಲ್ಲದೆ ಸರಕಾರದ ಟೆಂಡರುಗಳಿಗೆ ಗಣಕಯಂತ್ರದ ಮೂಲಕ ದರ ತುಂಬುವವರಿಗೂ ಇದು ಬೇಕಾಗುತ್ತದೆ. ಮಾಲನ್ನು ಪರದೇಶಕ್ಕೆ ಕಳಿಸಲು ಬೇಕಾದ ಆಮದು ರಫ್ತಿನ ಸಂಖ್ಯೆಯನ್ನು ಮಾತ್ರ ಈ ಸಹಿಯಿಂದಾಗಲಿ, ಆಧಾರದ ಇ-ಸಹಿಯಿಂದಾಗಲಿ ಪಡೆಯಬಹುದು.

ಬೀಜದ ಚೀಲ, ನೀಲಿ ಚೀಟಿ

ಈ ಸಹಿಯ ಒಳಗುಟ್ಟನ್ನು ತಿಳಿಯಲು ಬೀಜದ ಚೀಲವನ್ನು ನೆನೆಯೋಣ. ಪ್ರಮಾಣಿತ ಬೀಜದ ಚೀಲದ ಬಾಯಿಗೆ ನೀಲಿ ಚೀಟಿ ಹೊಲಿದಿರುತ್ತದೆ. ಒಳಗಿನ ಕಾಳನ್ನು ಕಣ್ಣಿನಿಂದ ನೋಡಿ ತಳಿ ಯಾವುದೆಂದು ಹೇಳುವುದು ಕಷ್ಟ. ಆದರೆ ಬೀಜ ಪ್ರಮಾಣನ ಸಂಸ್ಥೆ ಪರೀಕ್ಷಿಸಿ ಚೀಟಿ ಕಟ್ಟಿದೆ, ಬಾಯಿಗೆ ಮುದ್ರೆ ಇದೆ, ಅವಧಿ ಬರೆದಿದೆ. ಆದುದರಿಂದ ನಂಬಿ ಕೊಳ್ಳುತ್ತೇವೆ. ಮುದ್ರೆ ಒಡೆದಿದ್ದರೆ ಚೀಲವನ್ನು ಹಿಂದಿರುಗಿಸುತ್ತೇವೆ. ಪರೀಕ್ಷೆಯಾದ ದಿನದಿಂದ 9 ತಿಂಗಳ ಅವಧಿ ಮುಗಿದು, ಮತ್ತೆ ಪರೀಕ್ಷೆ ಆಗದಿದ್ದರೆ ಆ ಚೀಟಿಗೆ ಬೆಲೆಯಿಲ್ಲ. ಡಿಜಿಟಲ್ ಪ್ರಮಾಣಪತ್ರವೂ ಇಂಥದೇ ಚೀಟಿ. ಈ ಸಹಿ ಇಂಥವರದೇ ಎಂದು ಅದು ಹೇಳುತ್ತದೆ. ಯಾರು ಪರೀಕ್ಷಿಸಿದರು, ಎಂದಿನವರೆಗೆ ನಡೆಯುತ್ತದೆ ಎಂಬುದೂ ಅದರಲ್ಲಿರುತ್ತದೆ.

ಇದರಲ್ಲಿ ಎರಡು ಕೀಲಿಕೈಗಳಿವೆ. ಒಂದು ಗುಪ್ತವಾದದ್ದು, ನಿಮ್ಮಲ್ಲಿ ಮಾತ್ರ ಇರುವಂಥದು. ಸಹಿ ಹಾಕುವುದು ಇದರಿಂದ. ಇನ್ನೊಂದು ಬಹಿರಂಗವಾದದ್ದು, ಯಾರು ಬೇಕಾದರೂ ಇಟ್ಟುಕೊಳ್ಳಬಹುದಾದದ್ದು. ಸಹಿ ನಿಮ್ಮದೇ ಹೌದೋ ಅಲ್ಲವೋ ಎಂದು ನೋಡುವುದು ಇದರಿಂದ. ಕೀಲಿಕೈ ಎಂದರೆ ಕಬ್ಬಿಣದ್ದಲ್ಲ, ಬಹು ದೊಡ್ಡ ಸಂಖ್ಯೆಯೆಂದು ತಿಳಿಯಬೇಕು. ಬಳಕೆಯಲ್ಲಿರುವ ಒಂದು ಬಗೆಯಲ್ಲಿ ಆ ಸಂಖ್ಯೆ 600ಕ್ಕೂ ಮಿಕ್ಕಿದ ಅಂಕೆಗಳಷ್ಟು ಉದ್ದವಿರುತ್ತದೆ. ಬಹಿರಂಗದ ಕೀಲಿಕೈಯನ್ನು ನೋಡಿ ಗುಪ್ತದ್ದನ್ನು ಲೆಕ್ಕ ಹಾಕಿ ತೆಗೆಯುವುದು ಇಂದಿನ ಯಂತ್ರಗಳಿಗೂ ಆಗದ ಮಾತು. ಈ ಜೋಡಿ ಕೀಲಿಕೈಯ ಉಪಾಯವನ್ನು 1976ರಲ್ಲಿ ಅಮೇರಿಕೆಯ ಡಿಫಿ ಮತ್ತು ಹೆಲ್ಮನ್ ಎಂಬವರು ಪ್ರಕಟಿಸಿದರು. ಮರುವರ್ಷವೇ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ಅದರಿಂದ ಸಹಿ ಹಾಕುವ ರೀತಿಯನ್ನು ಕಂಡುಹಿಡಿದರು.

ಸಹಿ ಹಾಕುವಾಗ ಯಂತ್ರವು ಕಾಗದದ ಎಲ್ಲ ಅಕ್ಷರಗಳನ್ನೂ ಸೇರಿಸಿ, ಅದರದೇ ಒಂದು ಬೆರಳಚ್ಚಿನಂಥ ಸಣ್ಣ ಸಂಖ್ಯೆ ಮಾಡುತ್ತದೆ. ಅದರ ಮೇಲೆ ಗುಪ್ತ ಕೀಲಿಕೈಯ ಮುದ್ರೆ ಬೀಳುತ್ತದೆ. ಆಮೇಲೆ ಯಾರಾದರೂ ಆ ಕಾಗದದಲ್ಲಿ 2 ಎಕರೆಯನ್ನು 3 ಎಕರೆ ಎಂದು ತಿದ್ದಿದರೆ ಬೆರಳಚ್ಚು ಬದಲಾಗುತ್ತದೆ, ಪರೀಕ್ಷೆಯಲ್ಲಿ ಸಹಿ ಹೊಂದುವುದಿಲ್ಲ. ಕೈಬರಹದ ಸಹಿಗೆ ಈ ಗುಣವಿಲ್ಲ. ಹೆಬ್ಬೆಟ್ಟು ಒತ್ತಿದ ಮೇಲೆ ಮೇಲಿನ ಬರಹವನ್ನು ತಿದ್ದಿದವರು ಹಿಂದೆ ಎಷ್ಟೋ ಮಂದಿ. ಹೊಸ ಸಹಿಯ ದೊಡ್ಡ ಉಪಕಾರ ಇಲ್ಲಿಯೇ ಇದೆ.

ಚೀಟಿ ಕೊಡುವವರು ಯಾರು? ಬೀಜಕ್ಕೆ ಪ್ರಮಾಣನ ಸಂಸ್ಥೆ ಇರುವಂತೆ ಇದಕ್ಕೂ ಪರವಾನಿಗೆ ಪಡೆದ ಪ್ರಮಾಣ ಸಂಸ್ಥೆಗಳಿವೆ. ಅವುಗಳಿಗೆ ಪರವಾನಿಗೆ ಕೊಟ್ಟು ಮೇಲ್ವಿಚಾರಣೆ ಮಾಡಲು ದಿಲ್ಲಿಯಲ್ಲಿ ಪ್ರಮಾಣ ಸಂಸ್ಥೆಗಳ ನಿಯಂತ್ರಕರೆಂಬ ಅಧಿಕಾರಿ ಇದ್ದಾರೆ. ಬೆಂಗಳೂರಿನ ಇ-ಮುದ್ರಾ ಇಂಥ ಒಂದು ಸಂಸ್ಥೆ. ನಮ್ಮ ರೈತರು ಚೀಲ ನೋಡಿ ಬಲ್ಲ ನರ್ಮದಾ ಯೂರಿಯಾ ಮಾಡುವ ಗುಜರಾತದ ಗೊಬ್ಬರ ಕಾರ್ಖಾನೆಯದೂ ಎನ್‌ಕೋಡ್ ಎಂಬ ಇಂಥದೇ ಒಂದು ವಿಭಾಗವಿದೆ. ಪೂರ್ತಿ ಯಾದಿ ನಿಯಂತ್ರಕರ ಜಾಲತಾಣದಲ್ಲಿ ಸಿಗುತ್ತದೆ. ಯಾದಿಯಲ್ಲಿ ಇಲ್ಲದವರು ಕೊಟ್ಟ ಪ್ರಮಾಣಪತ್ರಕ್ಕೆ ನಮ್ಮ ದೇಶದ ಕಚೇರಿಗಳಲ್ಲಿ ಬೆಲೆಯಿಲ್ಲ.

ಪಡೆಯುವ ಕ್ರಮ

1. ಕೆಲಸ ಯಾವುದೆಂದು ಮೊದಲು ನಿಶ್ಚಯಿಸಿರಿ. ಕಂಪನಿಯ ನಿರ್ದೇಶಕನಿಗೆ ವ್ಯಕ್ತಿಯ ಹೆಸರಿನ ಮೂರನೆಯ ದರ್ಜೆಯ ಸಹಿ ಪ್ರಮಾಣಪತ್ರ ಸಾಕು. ಎರಡನೆಯ ದರ್ಜೆಯದನ್ನು 2021ರ ಜನವರಿ 1ರಿಂದ ಕೊಡುವುದಿಲ್ಲ. ಟೆಂಡರು ತುಂಬುವವರಿಗೆ ಸಹಿಯದರ ಜೊತೆಗೆ, ತುಂಬಿದ ದರವನ್ನು ಮುಚ್ಚಿಡುವ ಇನ್ನೊಂದು ಪ್ರಮಾಣಪತ್ರವೂ ಬೇಕಾಗುವುದುಂಟು.

2. ಪ್ಯಾನ್ ಕಾರ್ಡು, ಆಧಾರ, ಭಾವಚಿತ್ರ, ನಿಮ್ಮದೇ ಮೊಬೈಲ್ ಸಂಖ್ಯೆ, ನಿಮ್ಮದೇ ಇ-ಮೇಲ್ ವಿಳಾಸ, ಇವನ್ನು ಸಿದ್ಧವಾಗಿಡಿರಿ. "ನಿಮ್ಮದೇ" ಎಂಬ ಮಾತನ್ನು ಎರಡು ಸಲ ಹೇಳಿದ್ದೇವೆ. ಕಾರಣ ಮುಂದೆ ತಿಳಿಯುತ್ತದೆ.

3. ಸಂಸ್ಥೆಯಲ್ಲಿ ನಿಮ್ಮ ಹೆಸರಿನ ಖಾತೆ ತೆರೆದು ಗುಪ್ತ ಅಂಕೆಯನ್ನು ನೀವೇ ಇಡಬೇಕು. ಸಾಮಾನ್ಯವಾಗಿ ಮೊಬೈಲಿನ ಮುಂದೆ ಕುಳಿತು ನಿಮ್ಮ ಹೆಸರು ಹೇಳಿ, ಮೂಲ ಗುರುತಿನ ಚೀಟಿ ತೋರಿಸಿ ಸಣ್ಣದೊಂದು ಚಲನಚಿತ್ರ ತೆಗೆಯಿಸಿಕೊಳ್ಳಬೇಕಾಗುತ್ತದೆ. ಇದನ್ನು ಬೇರೆಯವರು ನಿಮ್ಮ ಪರವಾಗಿ ಮಾಡಲಾಗದು, ಮಾಡಲೂ ಕೂಡದು.

4. ಗುಪ್ತ ಕೀಲಿಕೈ ಇಡಲು ಬೆರಳುದ್ದದ ಒಂದು ಟೋಕನ್ ಕೊಳ್ಳಬೇಕು. ಅದನ್ನು ಗಣಕಯಂತ್ರಕ್ಕೆ ಸಿಕ್ಕಿಸಿದಾಗ ಕೀಲಿಕೈ ಅದರೊಳಗೇ ಹುಟ್ಟಿ ಅಲ್ಲಿಯೇ ಉಳಿಯುತ್ತದೆ. ಹೊರಗೆ ನಕಲು ತೆಗೆಯಲು ಬರುವುದಿಲ್ಲ. ಟೋಕನ್ನಿಗೆ ಒಂದು ಗುಪ್ತಪದ ಇಡಬೇಕು. ಹಲವು ಸಲ ತಪ್ಪು ಗುಪ್ತಪದ ಕೊಟ್ಟರೆ ಅದು ತಾನೇ ಮುಚ್ಚಿಕೊಳ್ಳುತ್ತದೆ.

5. ಪ್ರಮಾಣಪತ್ರ ಕೈಗೆ ಬಂದೊಡನೆ ಅದರಲ್ಲಿಯ ಹೆಸರು ಮತ್ತು ಅವಧಿಯನ್ನು ಓದಿಸಿ ನೋಡಿರಿ. ಅವಧಿ ಹೆಚ್ಚೆಂದರೆ 3 ವರ್ಷ. ಮುಗಿಯುವ ಮೊದಲೇ ಹೊಸದಕ್ಕೆ ಅರ್ಜಿ ಹಾಕುವುದು ಒಳಿತು. ಕೊಟ್ಟ ಹಣಕ್ಕೆ ಪಾವತಿ ಪಡೆದು ಇಟ್ಟುಕೊಳ್ಳಿರಿ.

ಹೆಸರಿನ ತೊಡಕು

ಗಡಿಯಾಚೆಯ ಕನ್ನಡಿಗರಿಗೆ ಈ ದಾರಿಯಲ್ಲಿ ಒಂದು ವಿಶೇಷ ಮುಳ್ಳಿದೆ. ಅದು ಹೆಸರು. ಮನೆಯಲ್ಲಿ ಸಿದ್ದಪ್ಪ, ಮರಾಠಿ ಶಾಲೆಯ ದಾಖಲೆಯಲ್ಲಿ ಸಿದ್ಧಾಪ್ಪಾ, ಅದನ್ನು ಇಂಗ್ಲಿಷಿಗೆ ಇಳಿಸಿದಾಗ ಒಂದು ಕಡೆ ಒಂದು 'ಡಿ', ಇನ್ನೊಂದು ಕಡೆ ಎರಡು 'ಡಿ', ಮತ್ತೊಂದು ಕಡೆ ನಡುವೆ ಒಂದು 'ಎಚ್'. ತಾಳವಾಡಿ, ಹೊಸೂರಿನ ಕಡೆ ತಂದೆಯ ಹೆಸರಿನ ಮೊದಲಕ್ಷರ ಒಂದು ಕಾಗದದಲ್ಲಿ ಹೆಸರಿನ ಹಿಂದೆ, ಇನ್ನೊಂದರಲ್ಲಿ ಮುಂದೆ, ಮೂರನೆಯದರಲ್ಲಿ ಪೂರ್ತಿ ಹೆಸರಾಗಿ ಬಂದಿರುತ್ತದೆ. ಕಾಸರಗೋಡಿನಲ್ಲಿ ಮನೆತನದ ಹೆಸರು ಕೆಲವು ಕಾಗದದಲ್ಲಿ ಉಂಟು, ಕೆಲವದರಲ್ಲಿ ಇಲ್ಲ. ಊರಿನ ತಲಾಠಿಗೆ, ಗ್ರಾಮಾಧಿಕಾರಿಗೆ ಇವರೆಲ್ಲ ಒಬ್ಬನೇ ಎಂದು ಗೊತ್ತು. ಯಂತ್ರಕ್ಕೆ ಮುಖಪರಿಚಯವಿಲ್ಲ. ಅದಕ್ಕೆ ಒಂದು ಅಕ್ಷರ ಬೇರೆಯಾದರೆ ಮನುಷ್ಯನೇ ಬೇರೆ.

ಆದುದರಿಂದ ಅರ್ಜಿ ಹಾಕುವ ಮೊದಲೇ ಆಧಾರ, ಪ್ಯಾನ್, ಬ್ಯಾಂಕಿನ ಪುಸ್ತಕ, ಹೊಲದ ಉತಾರೆ, ಈ ನಾಲ್ಕನ್ನೂ ಒಂದೇ ಚಾಪೆಯ ಮೇಲೆ ಹರಡಿ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿರಿ. ಇಂಗ್ಲಿಷ್ ಬಲ್ಲ ಮಗಳೋ ಮೊಮ್ಮಗನೋ ಮನೆಯಲ್ಲಿದ್ದರೆ ಅವರನ್ನು ಕೂಡಿಸಿಕೊಳ್ಳಿರಿ. ಎಲ್ಲಿಯ ರೂಪವನ್ನು ಉಳಿಸಬೇಕು, ಎಲ್ಲಿ ತಿದ್ದಿಸಬೇಕು ಎಂದು ಮನೆಯಲ್ಲಿಯೇ ನಿಶ್ಚಯವಾಗಲಿ. ಆಧಾರದಲ್ಲಿ ಹೆಸರನ್ನು ತಿದ್ದಲು ಆಯುಷ್ಯದಲ್ಲಿ ಎರಡೇ ಅವಕಾಶ. ಅವಸರದಲ್ಲಿ ಒಂದನ್ನು ಹಾಳುಮಾಡಿಕೊಂಡರೆ ಉಳಿಯುವುದು ಒಂದೇ. ತಿದ್ದುವ ಕೇಂದ್ರದಲ್ಲಿ ಬಾಯಿಂದ ಹೆಸರು ಹೇಳಿ ಬರುವುದಕ್ಕಿಂತ, ಬೇಕಾದ ರೂಪವನ್ನು ದೊಡ್ಡ ಅಕ್ಷರದಲ್ಲಿ ಚೀಟಿಯ ಮೇಲೆ ಬರೆಸಿಕೊಂಡು ಹೋಗುವುದು ಮೇಲು. ನಮ್ಮ ಒತ್ತಕ್ಷರ, ದೀರ್ಘಗಳು ಬೇರೆ ಭಾಷೆಯವರ ಕಿವಿಗೆ ಬೀಳುವ ರೀತಿಯೇ ಬೇರೆ.

ಕೀಲಿಕೈ ಯಾರ ಕೈಯಲ್ಲಿ?

ಈಗ ಮುಖ್ಯ ಮಾತಿಗೆ ಬರುತ್ತೇವೆ. ಹಲವು ಕಡೆಗಳಲ್ಲಿ ನಡೆಯುವ ರೂಢಿ ಹೀಗಿದೆ: ಕಂಪನಿಯ ಐದೂ ನಿರ್ದೇಶಕರ ಟೋಕನ್ನುಗಳು ಲೆಕ್ಕಪತ್ರ ಬರೆಯುವವರ ಮೇಜಿನ ಒಂದೇ ಖಾನೆಯಲ್ಲಿ, ಎಲ್ಲದಕ್ಕೂ ಒಂದೇ ಗುಪ್ತಪದ, ಅದೂ ಟೋಕನ್ನಿನ ಮೇಲೆಯೇ ಬರೆದು ಅಂಟಿಸಿದ್ದು. ಮೊಬೈಲ್ ಸಂಖ್ಯೆಯೂ ಇ-ಮೇಲೂ ಅವರವೇ. ನಿರ್ದೇಶಕನಿಗೆ ತನ್ನ ಹೆಸರಿನಲ್ಲಿ ಎಷ್ಟು ಸಹಿ ಬಿದ್ದವೆಂಬ ಸುದ್ದಿಯೂ ಇಲ್ಲ. ಪಟ್ಟಣಕ್ಕೆ ಅಲೆಯುವುದು ತಪ್ಪಿತೆಂದು ಅವನಿಗೆ ಸಮಾಧಾನ. ಆದರೆ ಇದು ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಿ ಇನ್ನೊಬ್ಬರ ಪೆಟ್ಟಿಗೆಯಲ್ಲಿ ಇಟ್ಟುಬಂದಂತೆಯೇ ಸರಿ. ಲೆಕ್ಕ ಬರೆಯುವವರಲ್ಲಿ ಪ್ರಾಮಾಣಿಕರೇ ಬಹಳ. ಅವರ ಮೇಲೆ ನಮ್ಮ ದೂರಿಲ್ಲ. ಆದರೆ ಅವರ ಕಚೇರಿಗೆ ಹತ್ತು ಜನ ಬಂದು ಹೋಗುವರು, ಆಳು ಬದಲಾಗುವರು. ಒಂದು ದಿನ ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಗುಪ್ತ ಕೀಲಿಕೈಯನ್ನು ಜತನದಿಂದ ಕಾಯುವ ಹೊಣೆ ಪ್ರಮಾಣಪತ್ರ ಪಡೆದವನದೇ ಎಂದು ಮಾಹಿತಿ ತಂತ್ರಜ್ಞಾನ ಕಾಯಿದೆಯ 42ನೆಯ ಕಲಮು ಹೇಳುತ್ತದೆ. ಅದು ಬೇರೆಯವರ ಕೈಸೇರಿದರೆ ತಡಮಾಡದೆ ಪ್ರಮಾಣ ಸಂಸ್ಥೆಗೆ ತಿಳಿಸಬೇಕು. ತಿಳಿಸುವವರೆಗಿನ ಹೊಣೆಯೂ ಅವನದೇ. ಬೇರೆಯವರ ಡಿಜಿಟಲ್ ಸಹಿಯನ್ನೋ ಗುಪ್ತಪದವನ್ನೋ ಮೋಸದಿಂದ ಬಳಸಿದವನಿಗೆ 66ಸಿ ಕಲಮಿನಂತೆ 3 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿಯವರೆಗೆ ದಂಡ ಉಂಟು. ಆದರೆ ನೀವೇ ಟೋಕನ್ನನ್ನೂ ಗುಪ್ತಪದವನ್ನೂ ಕೊಟ್ಟು ಬಂದಿದ್ದರೆ "ಸಹಿ ನನ್ನದಲ್ಲ" ಎಂದು ವಾದಿಸುವುದು ಎಷ್ಟು ಕಷ್ಟವೆಂಬುದನ್ನು ವಾಚಕರೇ ಊಹಿಸಬಲ್ಲರು.

ಹಾಗಾದರೆ ಮಾಡುವುದೇನು? ಟೋಕನ್ ನಿಮ್ಮ ಮನೆಯ ಪೆಟ್ಟಿಗೆಯಲ್ಲಿರಲಿ. ತಿಂಗಳಿಗೊಂದು ದಿನ ಗೊತ್ತುಮಾಡಿ, ಆ ದಿನ ನಿರ್ದೇಶಕರೆಲ್ಲ ಕೂಡಿ ಲೆಕ್ಕದವರ ಹತ್ತಿರ ಹೋಗಿ, ಕಾಗದ ಓದಿಸಿ ಕೇಳಿ, ಗುಪ್ತಪದವನ್ನು ತಾವೇ ಒತ್ತಿ, ಟೋಕನ್ ಹಿಂದಕ್ಕೆ ತರಲಿ. ಯಾವ ದಿನ ಯಾವ ಕಾಗದಕ್ಕೆ ಸಹಿಯಾಯಿತೆಂದು ಒಂದು ವಹಿಯಲ್ಲಿ ಕನ್ನಡದಲ್ಲಿಯೇ ಬರೆದಿಡಿರಿ. ಪರದೆಯ ಮೇಲಿನ ಬರಹ ಇಂಗ್ಲಿಷಿನದೋ ರಾಜ್ಯಭಾಷೆಯದೋ ಆಗಿದ್ದು ತಿಳಿಯದಿದ್ದರೆ, ಅರ್ಥ ಹೇಳಿಸಿಕೊಳ್ಳುವವರೆಗೆ ಸಹಿ ಹಾಕಬೇಡಿರಿ. ಕೇಳಲು ಸಂಕೋಚಪಡುವವನು ಆಮೇಲೆ ಕೋರ್ಟಿನಲ್ಲಿ ಸಂಕೋಚಪಡಬೇಕಾದೀತು. ಟೋಕನ್ ಕಳೆದುಹೋದರೆ ಅದೇ ದಿನ ಸಂಸ್ಥೆಗೆ ತಿಳಿಸಿ ಪ್ರಮಾಣಪತ್ರ ರದ್ದು ಮಾಡಿಸಿರಿ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆ ಫಲವಿಲ್ಲ.

ಆರು ಅಂಕೆಯ ಸಹಿ

ಟೋಕನ್ ಇಲ್ಲದೆಯೂ ಸಹಿ ಬೀಳುವ ಇನ್ನೊಂದು ಬಗೆ 2015ರಿಂದ ನಡೆದಿದೆ. ಇದು ಆಧಾರದ ಇ-ಸಹಿ. ಆಧಾರಕ್ಕೆ ಜೋಡಿಸಿದ ಮೊಬೈಲಿಗೆ ಬರುವ ಆರು ಅಂಕೆಗಳನ್ನು ಒತ್ತಿದೊಡನೆ, ಆ ಕಾಗದದ ಮಟ್ಟಿಗೆ ಒಂದು ಕೀಲಿಕೈ ಹುಟ್ಟಿ, ಸಹಿ ಹಾಕಿ, ಅಳಿದುಹೋಗುತ್ತದೆ. ಅದರ ಪ್ರಮಾಣಪತ್ರದ ಆಯುಷ್ಯ ಬರೀ 30 ನಿಮಿಷ. ಆದರೆ ಬಿದ್ದ ಸಹಿ ಉಳಿಯುತ್ತದೆ. ಕಾನೂನಿನ ಮುಂದೆ ನಿಲ್ಲುತ್ತದೆ. ಸಾಲದ ಕರಾರುಗಳಿಗೂ ಈ ಸಹಿ ಬಳಕೆಯಲ್ಲಿದೆ.

ಆದುದರಿಂದ ಆ ಆರು ಅಂಕೆಗಳನ್ನು ಫೋನಿನಲ್ಲಿ ಕೇಳಿದವರಿಗೆ ಹೇಳುವುದೆಂದರೆ ಹೆಬ್ಬೆಟ್ಟನ್ನೇ ಕೊಯ್ದುಕೊಟ್ಟಂತೆ. ಬ್ಯಾಂಕಿನವರೆಂದರೂ ಹೇಳಕೂಡದು, ಸರಕಾರದವರೆಂದರೂ ಹೇಳಕೂಡದು. ಸೇವಾಕೇಂದ್ರದಲ್ಲಿ ಕುಳಿತಾಗ ಅಂಕೆ ಬಂದರೆ, ಯಾವ ಕೆಲಸಕ್ಕೆಂದು ಸಂದೇಶದಲ್ಲಿ ಬರೆದಿರುವುದನ್ನು ಓದಿಸಿಕೊಂಡು ನೀವೇ ಒತ್ತಿರಿ. ಮೋಸಹೋಗಿ ಹಣ ಕಳೆದುಕೊಂಡರೆ ಒಡನೆಯೇ 1930ಕ್ಕೆ ಫೋನು ಮಾಡಬೇಕು. ಆಧಾರದ ವಿಷಯ ಕೇಳಲು 1947 ಸಂಖ್ಯೆ ಇದೆ. ಬೆರಳಚ್ಚನ್ನು ಬೇರೆಯವರು ಬಳಸದಂತೆ ಆಧಾರದಲ್ಲಿ ಬೀಗ ಹಾಕಿಡುವ ಅನುಕೂಲವೂ ಉಂಟು. ಬೇಕಾದಾಗ ತೆಗೆದು ಮತ್ತೆ ಹಾಕಬಹುದು.

ಬಂದ ಕಾಗದವನ್ನು ನೋಡುವ ಬಗೆ

ನಾವು ಸಹಿ ಹಾಕುವುದು ಒಂದಾದರೆ, ಸರಕಾರ ಸಹಿ ಹಾಕಿ ಕೊಟ್ಟ ಕಾಗದವನ್ನು ಪರೀಕ್ಷಿಸುವುದು ಇನ್ನೊಂದು. ಮಹಾರಾಷ್ಟ್ರದಲ್ಲಿ ಡಿಜಿಟಲ್ ಸಹಿಯುಳ್ಳ ಸಾತಬಾರಾ ಉತಾರೆ ಮಹಾಭೂಮಿ ಜಾಲತಾಣದಲ್ಲಿ ಸಿಗುತ್ತದೆ. ತಲಾಠಿಯ ಮಸಿಯ ಸಹಿ, ಶಿಕ್ಕೆ ಅದಕ್ಕೆ ಬೇಕಿಲ್ಲ. ಕೇರಳದ ಅಕ್ಷಯ ಕೇಂದ್ರ, ತಮಿಳುನಾಡಿನ ಇ-ಸೇವೈ, ಆಂಧ್ರ ಮತ್ತು ತೆಲಂಗಾಣದ ಮೀಸೇವಾ, ಇಲ್ಲೆಲ್ಲ ಡಿಜಿಟಲ್ ಸಹಿಯ ಪತ್ರಗಳು ಸಿಗುತ್ತವೆ.

ಇಂಥ ಪತ್ರವನ್ನು ಗಣಕಯಂತ್ರದಲ್ಲಿ ತೆರೆದಾಗ ಸಹಿಯ ಜಾಗದಲ್ಲಿ ಕೆಲವೊಮ್ಮೆ ಹಸಿರು ಗುರುತು, ಕೆಲವೊಮ್ಮೆ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ಪ್ರಶ್ನಾರ್ಥಕವಿದ್ದ ಮಾತ್ರಕ್ಕೆ ಕಾಗದ ಖೊಟ್ಟಿಯಲ್ಲ. ನಿಮ್ಮ ಯಂತ್ರಕ್ಕೆ ನಮ್ಮ ದೇಶದ ನಿಯಂತ್ರಕರ ಮೂಲ ಪ್ರಮಾಣಪತ್ರ ಇನ್ನೂ ಪರಿಚಯವಾಗಿಲ್ಲವೆಂದು ಅದರ ಅರ್ಥವಾಗಿರಬಹುದು. ತಿಳಿದವರಿಂದ ಪರಿಚಯ ಮಾಡಿಸಿದರೆ ಹಸಿರಾಗುತ್ತದೆ. ಸಹಿಯಾದ ಮೇಲೆ ಕಾಗದ ಬದಲಾಗಿದೆ ಎಂದು ಯಂತ್ರ ಹೇಳಿದರೆ ಮಾತ್ರ ಎಚ್ಚರಗೊಳ್ಳಬೇಕು. ಇನ್ನೊಂದು ಮಾತು: ಮುದ್ರಿಸಿದ ಕಾಗದದ ಮೇಲಿನ ಹಸಿರು ಗುರುತು ಬರೀ ಚಿತ್ರ. ಹೊಲ ಕೊಳ್ಳುವಾಗಲೋ ಲಾವಣಿಗೆ ಹಿಡಿಯುವಾಗಲೋ ಎದುರಿನವರು ಕೊಟ್ಟ ಮುದ್ರಿತ ಉತಾರೆಯನ್ನೇ ನಂಬದೆ, ಅದರ ಮೇಲಿನ ಪರಿಶೀಲನಾ ಸಂಖ್ಯೆಯನ್ನು ಸರಕಾರದ ಜಾಲತಾಣದಲ್ಲಿ ಹಾಕಿ ನೋಡತಕ್ಕದ್ದು.

ಈ ಸಹಿ ನಡೆಯದ ಕೆಲಸಗಳೂ ಇವೆ. ಮೃತ್ಯುಪತ್ರವನ್ನು ಡಿಜಿಟಲ್ ಸಹಿಯಿಂದ ಮಾಡಲು ಕಾಯಿದೆ ಒಪ್ಪುವುದಿಲ್ಲ. ಅದಕ್ಕೆ ಈಗಲೂ ಕಾಗದ, ಕೈಸಹಿ, ಇಬ್ಬರು ಸಾಕ್ಷಿಗಳೇ ಬೇಕು. ಯಂತ್ರದಲ್ಲಿಯೇ ವಾಟಣಿ ಬರೆದಿಟ್ಟಿದ್ದೇನೆಂದು ನಂಬಿ ಕೂತವರ ಮಕ್ಕಳಿಗೆ ಮುಂದೆ ಜಗಳ ತಪ್ಪದು.

ಯಾವ ಕಚೇರಿಯಲ್ಲಾದರೂ ಅನ್ಯಾಯವಾದರೆ ಅಹವಾಲನ್ನು ಕನ್ನಡದಲ್ಲಿ ಬರೆದು ಕೊಡುವ ಹಕ್ಕು ನಮಗುಂಟೇ ಎಂಬ ಸಂದೇಹ ಹಲವರಲ್ಲಿದೆ. ಸಂವಿಧಾನದ 350ನೆಯ ಅನುಚ್ಛೇದವು, ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಅಧಿಕಾರಿಗೆ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ತಲತಲಾಂತರದಿಂದ ಕನ್ನಡ ಆಡುತ್ತ ಬಂದ ನಮ್ಮ ಹಳ್ಳಿಗಳವರು ಈ ಹಕ್ಕನ್ನು ಬಳಸಿಕೊಳ್ಳಬೇಕು. ಹೆಸರಿನ ತಿದ್ದುಪಡಿ ತಡವಾದರೆ, ಸಹಿಯ ದುರುಪಯೋಗವಾದರೆ, ಕನ್ನಡದಲ್ಲಿಯೇ ಸ್ಪಷ್ಟವಾಗಿ ಬರೆದು ಕೊಟ್ಟು ಪೋಚು ಪಡೆಯಿರಿ.

ಸುಗ್ಗಿಯ ರಾಶಿ ಮುಗಿದು ಕೈ ಬಿಡುವಾಗುವ ದಿನಗಳಲ್ಲಿ ಊರ ಸಂಘದವರು ಒಂದು ಸಂಜೆ ಗುಡಿಯ ಕಟ್ಟೆಯ ಮೇಲೆ ಕೂಡಿ, ಎಲ್ಲರ ಕಾಗದಗಳ ಹೆಸರು ಹೋಲಿಸಿ ನೋಡುವ ಕೆಲಸ ಇಟ್ಟುಕೊಂಡರೆ ಬಹಳ ಅನುಕೂಲ. ಕಂಪನಿಯ ನಿರ್ದೇಶಕರಾಗಿದ್ದವರು ಅಷ್ಟರಲ್ಲಿ ತಮ್ಮ ಟೋಕನ್ ಎಲ್ಲಿದೆಯೆಂದು ವಿಚಾರಿಸಿ, ಬೇರೆಯವರ ಖಾನೆಯಲ್ಲಿದ್ದರೆ ಮನೆಗೆ ತಂದು, ಗುಪ್ತಪದ ಬದಲಾಯಿಸಲಿ. ಅದು ಅರ್ಧ ದಿನದ ಕೆಲಸ.